ಪೆನ್ನು, ಪೌಂಡು, ದಡ್ಡಿ

ಹುಕ್ಕೇರಿ ತಾಲ್ಲೂಕಿನಲ್ಲಿ ದಡ್ಡಿ ಎಂಬ ಊರಿದೆ. ಬೆಂಗಳೂರಿನವರ ಮುಂದೆ ಈ ಹೆಸರು ಹೇಳಿ ನೋಡಿ, ಕಿಸಕ್ಕನೆ ನಗುತ್ತಾರೆ. ಅವರ ಪಾಲಿಗೆ ದಡ್ಡನ ಸ್ತ್ರೀಲಿಂಗ ದಡ್ಡಿ, ಅಲ್ಲಿಗೆ ಮುಗಿಯಿತು. ನಮ್ಮ ಕಡೆ ದಡ್ಡಿ ಅಂದರೆ ದನ ಕುರಿ ಕೂಡಿಹಾಕುವ ಜಾಗ. ಕೊಟ್ಟಿಗೆಗೆ ಮೇಲೊಂದು ಮಾಡು ಬೇಕು, ದಡ್ಡಿಗೆ ಸುತ್ತ ಬೇಲಿ ಇದ್ದರೆ ಸಾಕು. ರಾಮನಗರದ ಕಡೆ ಇದೇ ಮಾತು ದೊಡ್ಡಿಯಾಗಿ ಎಷ್ಟೋ ಹಳ್ಳಿಗಳ ಹೆಸರಿನ ಕೊನೆಗೆ ಕೂತಿದೆ. ಕಲಘಟಗಿ, ಹಳಿಯಾಳದ ಕಾಡಂಚಿನಲ್ಲಿ ಎಮ್ಮೆ ಸಾಕುವ ಗೌಳಿಗರ ವಸತಿಯೇ ಗೌಳಿದಡ್ಡಿ.

ಇಂಗ್ಲಿಷಿನಲ್ಲಿ ಈ ದಡ್ಡಿಗೆ ಏನನ್ನುತ್ತಾರೆ? ಪೆನ್. ಹೌದು, ಜೇಬಿಗೆ ಸಿಕ್ಕಿಸುವ ಪೆನ್ನಿನದೇ ಕಾಗುಣಿತ. ಬರೆಯುವ ಪೆನ್ನು ಹಕ್ಕಿಯ ಗರಿಗಿದ್ದ ಲ್ಯಾಟಿನ್ ಹೆಸರಿನಿಂದ ಬಂದದ್ದು, ಬೇಲಿಯ ಪೆನ್ನು ಹಳೆಯ ಇಂಗ್ಲಿಷಿನದೇ. ಎರಡಕ್ಕೂ ರಕ್ತಸಂಬಂಧವಿಲ್ಲ, ನಮ್ಮ ಎರಡು ದಡ್ಡಿಗಳ ಹಾಗೆಯೇ.

ಈ ಪೆನ್ನು ಕಂಪ್ಯೂಟರನ್ನೂ ಕಾಡಿದೆ. ಯಂತ್ರಾನುವಾದದ ಮೊದಲ ತಲೆಮಾರಿನ ಪಂಡಿತ ಯೆಹೋಶುವಾ ಬಾರ್-ಹಿಲ್ಲೆಲ್ 1960ರಲ್ಲಿ ಒಂದು ಸವಾಲು ಹಾಕಿದ: ಪೆಟ್ಟಿಗೆ ಪೆನ್ನಿನೊಳಗಿತ್ತು ಎಂಬ ವಾಕ್ಯವನ್ನು ಯಂತ್ರ ಹೇಗೆ ಅರ್ಥ ಮಾಡಿಕೊಂಡೀತು? ಪೆಟ್ಟಿಗೆ ಲೇಖನಿಯೊಳಗೆ ಹಿಡಿಸುವುದಿಲ್ಲ, ಅದು ಮಗುವನ್ನು ಆಡಲು ಬಿಡುವ ಕಟಾಂಜನದೊಳಗಿತ್ತು ಎಂದು ನಾವು ಥಟ್ಟನೆ ಹೇಳುತ್ತೇವೆ. ಯಾವುದು ಯಾವುದರೊಳಗೆ ಹಿಡಿಸುತ್ತದೆ ಎಂಬ ಲೋಕಜ್ಞಾನ ಪದಕೋಶದಲ್ಲಿ ಇರುವುದಿಲ್ಲವಲ್ಲ.

ಮಲಯ್ ಭಾಷೆಗೆ ಅನುವಾದಿಸುವವನದೂ ಇದೇ ಪಾಡು. ಬರೆಯುವುದಕ್ಕೆ ಪೆನಾ, ದನಕ್ಕೆ ಕಾಂಡಾಂಗ್, ಯಾವುದೆಂದು ಮೊದಲೇ ತೀರ್ಮಾನಿಸಬೇಕು. ಆದರೆ ಈ ಕಾಂಡಾಂಗ್ ಸಾಮಾನ್ಯದ್ದಲ್ಲ. ಕೋರ್ಟಿನಲ್ಲಿ ಸಾಕ್ಷಿ ನಿಲ್ಲುವ ಜಾಗವೂ ಮಲಯ್‌ನಲ್ಲಿ ಕಾಂಡಾಂಗ್. ಅದನ್ನು ಇಂಗ್ಲಿಷ್ ಪೆಟ್ಟಿಗೆ ಎನ್ನುತ್ತದೆ, ನಾವು ಕಟಕಟೆ ಎನ್ನುತ್ತೇವೆ. ಬಾರ್-ಹಿಲ್ಲೆಲ್‌ನ ಪೆಟ್ಟಿಗೆ ಇಲ್ಲಿ ತಾನೇ ದಡ್ಡಿಯಾಯಿತು! ಸಿಂಗಪುರದ ಹೆಸರಾಂತ ಹೆರಿಗೆ ಆಸ್ಪತ್ರೆ ಕೆಕೆಯ ಪೂರ್ತಿ ಹೆಸರು ಕಾಂಡಾಂಗ್ ಕೆರ್ಬಾವ್, ಅಂದರೆ ಎಮ್ಮೆದಡ್ಡಿ. 1966ರ ಒಂದೇ ವರ್ಷ ಅಲ್ಲಿ 39,835 ಹೆರಿಗೆಗಳಾಗಿ ಅದು ಗಿನ್ನೆಸ್ ಪುಸ್ತಕ ಸೇರಿತು. ಹೆಸರು ಕೇಳಿ ಅಲ್ಲಿ ಯಾರೂ ನಗುವುದಿಲ್ಲ.

ಇನ್ನು ಪೌಂಡ್. ಅದು ಬ್ರಿಟನ್ನಿನ ನಾಣ್ಯ, ಒಂದು ತೂಕ, ಜೊತೆಗೆ ಬೆಳೆ ಮೇಯ್ದ ಬಿಡಾಡಿ ದನವನ್ನು ಹಿಡಿದು ಕೂಡಿಹಾಕುವ ತಾಣ. 1871ರ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆ ಹೇಳುವುದು ಈ ಮೂರನೆಯದನ್ನು. 1956ರವರೆಗೆ ಮುಂಬೈ ಆಡಳಿತದಲ್ಲಿದ್ದ ಬೆಳಗಾವಿ ಸೀಮೆ ಮರಾಠಿಯಿಂದ ಕೊಂಡವಾಡ ಎಂಬ ಮಾತನ್ನು ತಂದುಕೊಂಡು ಗೊಂದಲ ತಪ್ಪಿಸಿಕೊಂಡಿತು. ಸ್ವಂತ ದನ ತಾನಾಗಿ ಬಂದು ಸೇರುವುದು ದಡ್ಡಿ. ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕಾದದ್ದು ಕೊಂಡವಾಡ. ಇಷ್ಟು ನಾಜೂಕಾದ ವಿಂಗಡಣೆ ನಮ್ಮ ಒಕ್ಕಲುಮಕ್ಕಳ ಬಾಯಲ್ಲಿರುವಾಗ ಪೆನ್ ಎಂಬಲ್ಲೆಲ್ಲ ಲೇಖನಿ ಎಂದು ಬರೆಯುವುದು ಬರಿಯ ಸೋಮಾರಿತನ.

ಗೋಕಾಕ, ಮೂಡಲಗಿಯ ಮಾಸ್ತರರೇ, ಮುಂದಿನ ಸಲ ಇಂಗ್ಲಿಷ್ ಪಾಠದಲ್ಲಿ ಕುರಿಗಳ ಪೆನ್ ಬಂದರೆ ಹಲಗೆಯ ಮೇಲೆ ದಡ್ಡಿ ಎಂದೇ ಬರೆಯಿರಿ. ಅರ್ಥ ವಿವರಿಸುವ ಕೆಲಸವನ್ನು ಕುರಿಗಾರರ ಮಕ್ಕಳಿಗೆ ಬಿಡಿ.