ಉತ್ತರದ ಹೆಸರು, ದಕ್ಷಿಣದ ಹಕ್ಕಿ

ಪೆಂಗ್ವಿನ್ ಎಂಬ ಹೆಸರಿನ ಮೊದಲ ಒಡೆಯ ದಕ್ಷಿಣದವನಲ್ಲ. ಉತ್ತರ ಅಟ್ಲಾಂಟಿಕ್ಕಿನಲ್ಲಿದ್ದ, ಹಾರಲು ಬಾರದ ಗ್ರೇಟ್ ಆಕ್ ಹಕ್ಕಿಯನ್ನು 16ನೇ ಶತಮಾನದ ಇಂಗ್ಲಿಷ್ ನಾವಿಕರು ಹಾಗೆ ಕರೆಯುತ್ತಿದ್ದರು. ಮೆಗೆಲನ್ ಜಲಸಂಧಿಗೆ ಹೋದಾಗ ಅದೇ ಹೆಸರನ್ನು ಅಲ್ಲಿನ ಹಕ್ಕಿಗೂ ಅಂಟಿಸಿದರು. ಎರಡಕ್ಕೂ ಹತ್ತಿರದ ನಂಟಿಲ್ಲ. ನೋಡಲು ಒಂದೇ ತರಹ ಇದ್ದವು, ಅದಕ್ಕೇ ಹೆಸರು ದಾಟಿತು ಎನ್ನುವುದು ವಾಡಿಕೆಯ ಸಮಾಧಾನ. ನನಗೆ ಅಷ್ಟು ಸಾಲದು. ಹೆಸರಿಟ್ಟದ್ದರಲ್ಲಿ ಕಣ್ಣಿನಷ್ಟೇ ಪಾಲು ಹೊಟ್ಟೆಯದೂ ಇದೆ.

ನ್ಯೂಫೌಂಡ್‌ಲೆಂಡ್ ಕಡೆಯ ದ್ವೀಪಗಳಲ್ಲಿ ಆಕ್‌ಗಳನ್ನು ಹಲಗೆಯ ಮೇಲೆ ನಡೆಸಿಕೊಂಡೇ ದೋಣಿಗೆ ತುಂಬುತ್ತಿದ್ದರು. ದಕ್ಷಿಣದಲ್ಲೂ ಅದೇ ಕಥೆ. 1520ರಲ್ಲಿ ಮೆಗೆಲನ್ನನ ಜೊತೆಗಿದ್ದ ಪಿಗಾಫೆಟ್ಟ ಈ ಹಕ್ಕಿಗಳನ್ನು ಕಂಡು ಬರೆದದ್ದು ‘ಹೆಬ್ಬಾತು’ ಎಂದು. ಒಂದು ಗಂಟೆಯಲ್ಲಿ ಐದು ಹಡಗು ತುಂಬಿಕೊಂಡೆವು, ಎಷ್ಟು ಕೊಬ್ಬಿದ್ದವೆಂದರೆ ಪುಕ್ಕ ತರಿಯದೆ ಚರ್ಮವನ್ನೇ ಸುಲಿದೆವು ಎಂಬರ್ಥದಲ್ಲಿ ಅವನು ವರದಿ ಮಾಡುತ್ತಾನೆ. ನೆಟ್ಟಗೆ ನಿಲ್ಲುವ, ರೆಕ್ಕೆಯೇ ಈಜುಗೈಯಾದ ಹಕ್ಕಿಗೂ ಹೆಬ್ಬಾತಿಗೂ ರೂಪದಲ್ಲಿ ಏನು ಹೋಲಿಕೆ? ಅಡುಗೆಮನೆಯಲ್ಲಿ ಮಾತ್ರ ಉಂಟು. 1578ರಲ್ಲಿ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕನ ಜನ ಅದೇ ಜಲಸಂಧಿಯ ದ್ವೀಪವೊಂದರಲ್ಲಿ ಒಂದೇ ದಿನ ಸುಮಾರು 3000 ಹಕ್ಕಿ ಕೊಂದರು.

ಪದದ ಮೂಲ ವೆಲ್ಷ್ ಭಾಷೆಯ ‘ಬಿಳಿ ತಲೆ’, ಆದ್ದರಿಂದ ನೋಟವೇ ಕಾರಣ ಎಂದು ವಾದಿಸುವವರಿದ್ದಾರೆ. ಆದರೆ ಆಕ್‌ನ ತಲೆ ಕಪ್ಪು, ಕಣ್ಣಿನ ಮುಂದೆ ಒಂದು ಬಿಳಿ ಮಚ್ಚೆ, ಅಷ್ಟೆ. ಕೊಬ್ಬು ಎಂಬರ್ಥದ ಲ್ಯಾಟಿನ್ ಮೂಲವನ್ನು ಹೇಳುವವರೂ ಇದ್ದಾರೆ. ನನ್ನ ವಾದಕ್ಕೆ ಅನುಕೂಲವಾದರೂ ಅದನ್ನು ಪಟ್ಟುಹಿಡಿಯುವುದಿಲ್ಲ, ಎರಡೂ ಊಹೆಯೇ. ಗಟ್ಟಿಯಾದ ಆಕ್ಷೇಪ ಬೇರೆಯಿದೆ: ದಕ್ಷಿಣ ಜಾರ್ಜಿಯಾದಂಥ ದ್ವೀಪಗಳ ಮ್ಯಾಕರೋನಿ ಪೆಂಗ್ವಿನ್. ಹಳದಿ ಜುಟ್ಟಿನ ಈ ಹಕ್ಕಿಗೆ 18ನೇ ಶತಮಾನದ ಇಂಗ್ಲೆಂಡಿನ ಷೋಕಿಲಾಲರ ಹೆಸರು ಬಂತು. ಇಲ್ಲಿ ನೋಡಿದ್ದು ಕಣ್ಣೇ, ಒಪ್ಪಿದೆ. ಆದರೆ ಇದು ಒಂದು ಪೆಂಗ್ವಿನ್ನನ್ನು ಇನ್ನೊಂದರಿಂದ ಬೇರೆ ಮಾಡಲು ಇಟ್ಟ ವಿಶೇಷಣ. ಅಂಥ ಸೂಕ್ಷ್ಮಕ್ಕೆ ಬೇಕಾದ ಪುರುಸೊತ್ತು ಡ್ರೇಕನ ಹಸಿದ ನಾವಿಕರಿಗಿರಲಿಲ್ಲ. ಚೆಂದದ ಹೆಸರು ಹೊಟ್ಟೆಯ ಲೆಕ್ಕವನ್ನು ಅಳಿಸಿತು ಎನ್ನುವಂತೆಯೂ ಇಲ್ಲ. ಮ್ಯಾಕ್ವಾರಿ ದ್ವೀಪದಲ್ಲಿ ಜೋಸೆಫ್ ಹ್ಯಾಚ್ ಎಂಬ ವ್ಯಾಪಾರಿಯ ಆಳುಗಳು ಎಣ್ಣೆಗಾಗಿ ಹಬೆಯ ಕಡಾಯಿಗಳಲ್ಲಿ ಬೇಯಿಸಿದ್ದು ಕಿಂಗ್ ಮತ್ತು ರಾಯಲ್ ಪೆಂಗ್ವಿನ್‌ಗಳನ್ನು. ಹೆಸರಿನಲ್ಲಿ ಅರಸೊತ್ತಿಗೆ, ಪೀಪಾಯಿಯಲ್ಲಿ ಕೊಬ್ಬು. ಪ್ರತಿಭಟನೆ ಎದ್ದು ಪರವಾನಗಿ ನಿಂತದ್ದು 1920ರ ಹೊತ್ತಿಗೆ. ದ್ವೀಪ ಅಭಯಾರಣ್ಯವಾದದ್ದು 1933ರಲ್ಲಿ. ಉತ್ತರದ ಆಕ್‌ಗೆ ಅಷ್ಟು ಕಾಲಾವಕಾಶ ಸಿಗಲಿಲ್ಲ, 1844ರಲ್ಲಿ ಐಸ್‌ಲೆಂಡಿನ ಎಲ್ಡೇ ಬಂಡೆಯ ಮೇಲೆ ಕೊನೆಯ ಜೋಡಿಯನ್ನು ಕೊಂದರು. ಪಿಂಗ್ವಿನಸ್ ಎಂಬ ವೈಜ್ಞಾನಿಕ ಹೆಸರು ಈಗಲೂ ಅದರದ್ದೇ.