ಕೌದಿಯ ಅಡಿಬಟ್ಟೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಕೈಯಿಂದ ಹೊಲಿಯುವ ಹೊದಿಕೆ ಕೌದಿ. ಅದರ ಕೆಳಪದರವೇ ಅಡಿಬಟ್ಟೆ. ಎಲ್ಲ ಪದರಗಳ ಭಾರ ಹೊರುವುದು ಇದೇ ಆದ್ದರಿಂದ, ಹೊಸದಾಗಿ ಕಲಿಯುವವರು ಮೇಲಿನ ಚಿತ್ತಾರಕ್ಕಿಂತ ಮೊದಲು ಇದನ್ನು ಆರಿಸಿಕೊಳ್ಳಬೇಕು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ಇದಕ್ಕೆ ತಕ್ಕುದು ಉಟ್ಟು, ಒಗೆದು ಮೆತ್ತಗಾದ ಇಳಕಲ್ ಹತ್ತಿ ಸೀರೆ. ಅನೇಕ ಸಲ ನೀರು ಕಂಡ ನೂಲು ಮತ್ತೆ ಹೆಚ್ಚು ಕುಗ್ಗದು; ಸೂಜಿಯೂ ಸಲೀಸಾಗಿ ಇಳಿಯುತ್ತದೆ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿಯ ಹಾಸುನೂಲಿಗೆ ಸೆರಗಿನ ರೇಷ್ಮೆಯ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಎರಡೂ ಒಂದೇ ತೆರನಾಗಿ ಸವೆಯುವುದಿಲ್ಲ. ಆದಕಾರಣ ಅಡಿಬಟ್ಟೆಗೆ ಒಡಲನ್ನಷ್ಟೇ ಬಳಸುವುದು ಲೇಸು. ಟೋಪ ತೆನಿ ಎಂಬ ವಿನ್ಯಾಸದ ಕೆಂಪು-ಬಿಳಿ ಸೆರಗು ಮೇಲ್ಗಡೆಗೇ ಚೆಂದ. ಕೃತಕ ರೇಷ್ಮೆಯ ಒಡಲು ಕೈಯಲ್ಲಿ ಜಾರುತ್ತದೆ, ಮೊದಲ ಕೌದಿಗೆ ಬೇಡ. ಗುಳೇದಗುಡ್ಡದ ಖಣ ಕುಪ್ಪಸಕ್ಕೆಂದು ನೇಯ್ದ, ಅಗಲ ಕಡಿಮೆಯ ಬಟ್ಟೆ. ಮೇಲಿನ ತುಂಡುಗಳಿಗೆ ಅದರ ಸೊಗಸೇ ಬೇರೆ.

ಸೀರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಎಳೆ ತೆಳುವಾದ, ಎಳೆದರೆ ಪಿಸಿಯುವ ಜಾಗವನ್ನು ಕತ್ತರಿಸಿ ತೆಗೆಯಬೇಕು. ಇಲ್ಲಿ ಜಿಪುಣತನ ಮಾಡಿದರೆ ಹೊಲಿಗೆಯೆಲ್ಲ ವ್ಯರ್ಥ. ಇಬ್ಬರು ಹೊದೆಯುವ ಕೌದಿಗೆ ಒಂದು ಸೀರೆಯ ಅಗಲ ಸಾಲದು. ಎರಡು ಮೀಟರಿಗೆ ತುಸು ಹೆಚ್ಚಿನ ಎರಡು ತುಂಡುಗಳನ್ನು ಉದ್ದುದ್ದಕ್ಕೆ ಜೋಡಿಸಿಕೊಳ್ಳಬೇಕು. ಸುತ್ತಲೂ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟರೆ ಅಂಚು ಮಡಚಲು ಅನುಕೂಲ.

ಮನೆಯಲ್ಲಿ ಹಳೆಯ ಸೀರೆ ಇಲ್ಲದಿದ್ದರೆ ಸಂತೆಯಲ್ಲೋ ಬಟ್ಟೆ ಅಂಗಡಿಯಲ್ಲೋ ಸಾದಾ ಕೋರಾ ಹತ್ತಿಬಟ್ಟೆ ಕೊಳ್ಳಬಹುದು. ಗಂಜಿ ಹೋಗುವಂತೆ ರಾತ್ರಿಯಿಡೀ ನೆನೆಸಿ, ಒಗೆದು, ಒಣಗಿಸಿದ ಮೇಲೆಯೇ ಅದನ್ನು ಅಳೆದು ಕತ್ತರಿಸಬೇಕು.