ಮಳಖೇಡದ ಅಲಂಕಾರ, ಲಂಡನ್ನಿನ ಅಲಂಕಾರ

ಹತ್ತನೇ ತರಗತಿಯಲ್ಲಿ ‘ಫಿಗರ್ ಆಫ್ ಸ್ಪೀಚ್’ ಅಂದರೆ ಒಂದು ಮಾರ್ಕು. ‘ಲೈಕ್’ ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್, ಗಾಳಿಯೋ ನದಿಯೋ ಮಾತಾಡಿದರೆ ಪರ್ಸಾನಿಫಿಕೇಶನ್. ಮುಂದಿನ ಪೀರಿಯಡ್ಡಿಗೆ ಕನ್ನಡ ಮೇಷ್ಟ್ರು ಬಂದು ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಅಂತ ಬೋರ್ಡಿನ ಮೇಲೆ ಬರೆಸುತ್ತಿದ್ದರು. ಹಿಂದಿನ ಪೀರಿಯಡ್ಡಿನ ಸಿಮಿಲಿಯೂ ಈ ಉಪಮೆಯೂ ಒಂದೇ ಮನೆಯ ಮಕ್ಕಳು ಅಂತ ನಮಗೆ ಯಾರೂ ಹೇಳಲಿಲ್ಲ. ನಮಗೆ ಸಿಕ್ಕಿರುವ ಮೊಟ್ಟಮೊದಲ ಕನ್ನಡ ಪುಸ್ತಕ ಇದೇ ವಿಷಯದ ಮೇಲಿದೆ, ಕಲಬುರಗಿಯಿಂದ ಬಸ್ಸು ಹತ್ತಿದರೆ ಸುಮಾರು 40 ಕಿ.ಮೀ. ದೂರದ ಮಳಖೇಡದ ಆಸ್ಥಾನದ ಪುಸ್ತಕ ಅದು ಅಂತಲೂ ಹೇಳಲಿಲ್ಲ.

ಮಳಖೇಡ ಈಗ ಸೇಡಂ ತಾಲೂಕಿನ, ಕಾಗಿಣಾ ದಂಡೆಯ ಒಂದು ಊರು. ಪಾಳುಬಿದ್ದ ಕೋಟೆ, ನೇಮಿನಾಥ ಬಸದಿ, ಟೀಕಾಚಾರ್ಯರ ವೃಂದಾವನ, ಪಕ್ಕದಲ್ಲಿ ಸಿಮೆಂಟು ಕಾರ್ಖಾನೆ. ಒಂಬತ್ತನೇ ಶತಮಾನದಲ್ಲಿ ಇದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರ ಹೊತ್ತಿಗೆ ‘ಕವಿರಾಜಮಾರ್ಗ’ ಸಿದ್ಧವಾಯಿತು. ಬರೆದದ್ದು ಅರಸನೋ, ಶ್ರೀವಿಜಯನೋ ಅಂತ ಬಹಳ ಕಾಲ ಜಗಳ ನಡೆಯಿತು. ಕೆ.ಬಿ. ಪಾಠಕರು 1898ರಲ್ಲಿ ಮೊದಲ ಸಲ ಅಚ್ಚು ಹಾಕಿಸಿದಾಗ ನೃಪತುಂಗನ ಹೆಸರಿನಲ್ಲೇ ಹಾಕಿಸಿದರು. ಈಗ ಹೆಚ್ಚಿನವರು ಶ್ರೀವಿಜಯ ಅನ್ನುತ್ತಾರೆ.

ಪುಸ್ತಕದ ತಳಹದಿ ದಂಡಿಯ ‘ಕಾವ್ಯಾದರ್ಶ’. ಕಂಚಿಯಲ್ಲಿ ಸುಮಾರು 700ರಲ್ಲಿ ಬರೆದ ಈ ಸಂಸ್ಕೃತ ಪುಸ್ತಕ ಎಷ್ಟು ತಿರುಗಾಡಿತು ಅಂದರೆ, ಮಳಖೇಡದಲ್ಲಿ ಕನ್ನಡವಾಗುತ್ತಿದ್ದ ಆಸುಪಾಸಿನ ಕಾಲದಲ್ಲೇ ಸಿಂಹಳದಲ್ಲಿ ‘ಸಿಯಬಸ್‌ಲಕರ’ ಆಯಿತು, ಆಮೇಲೆ ತಮಿಳಿನಲ್ಲಿ ‘ದಂಡಿಯಲಂಕಾರಂ’ ಆಯಿತು, ಕೊನೆಗೆ ಹಿಮಾಲಯ ದಾಟಿ ಟಿಬೆಟ್ಟಿಗೂ ಹೋಯಿತು. ಆದರೆ ನಮ್ಮವನದು ಬರೀ ಅನುವಾದ ಅಲ್ಲ. ದಂಡಿಯ ಪಟ್ಟಿಯಲ್ಲಿಲ್ಲದ ‘ಧ್ವನಿ’ಯನ್ನೂ ಅಲಂಕಾರಗಳ ಸಾಲಿಗೆ ಸೇರಿಸಿದ್ದಾನೆ. ಅತ್ತ ಕಾಶ್ಮೀರದಲ್ಲಿ ಆನಂದವರ್ಧನ ಧ್ವನಿಯ ಮೇಲೆ ಇಡೀ ಗ್ರಂಥ ಬರೆದದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಫೋನಿಲ್ಲದ ಕಾಲದಲ್ಲಿ ಸುದ್ದಿ ಹೇಗೆ ಓಡುತ್ತಿತ್ತೋ ಮಾರಾಯ್ರೆ!

ಈಗ ಇಂಗ್ಲಿಷಿಗೆ ಬರೋಣ. ಅವರ ಅಲಂಕಾರದ ಹೆಸರು ಬಹಳಷ್ಟು ಗ್ರೀಕಿನವು. ಮೆಟಫರ್ ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರುವುದು, ಗ್ರೀಸಿನಲ್ಲಿ ಇವತ್ತಿಗೂ ಮನೆ ಸಾಮಾನು ಸಾಗಿಸುವ ಲಾರಿಗಳ ಮೇಲೆ ಇದೇ ಪದ ಬರೆದಿರುತ್ತದೆ :) 1589ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಫೀಲ್ಡ್ ಎಂಬ ಮುದ್ರಕ ‘ದಿ ಆರ್ಟ್ ಆಫ್ ಇಂಗ್ಲಿಷ್ ಪೊಯೆಸಿ’ ಅಂತ ಒಂದು ಪುಸ್ತಕ ಹೊರತಂದ. (ನಾಲ್ಕು ವರ್ಷದ ನಂತರ ಶೇಕ್ಸ್‌ಪಿಯರ್‌ನ ‘ವೀನಸ್ ಅಂಡ್ ಅಡೋನಿಸ್’ ಅಚ್ಚು ಮಾಡಿದವನೂ ಇವನೇ.) ಅದರ ಮೇಲೆ ಲೇಖಕನ ಹೆಸರೇ ಇಲ್ಲ. ಜಾರ್ಜ್ ಪುಟ್ಟನ್‌ಹ್ಯಾಮ್ ಅಂತ ವಿದ್ವಾಂಸರು ಒಪ್ಪಿಕೊಂಡಿದ್ದಾರೆ. ಕವಿರಾಜಮಾರ್ಗದ ಹಾಗೆಯೇ ಇದಕ್ಕೂ ಕರ್ತೃವಿನ ತಕರಾರು ನೋಡಿ!

ಈ ಪುಟ್ಟನ್‌ಹ್ಯಾಮ್ ಒಂದು ತಮಾಷೆ ಮಾಡಿದ. ಗ್ರೀಕ್ ಹೆಸರು ನಮ್ಮ ಜನಕ್ಕೆ ಬಾಯಿಗೆ ಬರುವುದಿಲ್ಲ ಅಂತ ಒಂದೊಂದಕ್ಕೂ ಇಂಗ್ಲಿಷ್ ಹೆಸರಿಟ್ಟ. ಐರನಿಗೆ ಒಣ ಗೇಲಿ. ಹೈಪರ್ಬೋಲಿಗೆ, ಅಂದರೆ ಅತಿಶಯೋಕ್ತಿಗೆ, ಗಟ್ಟಿ ದನಿಯ ಸುಳ್ಳುಗಾರ. ಮೆಟಾನಿಮಿಗೆ ತಪ್ಪು ಹೆಸರಿಡುವವ. ಯಾವ ಹೆಸರೂ ನಿಲ್ಲಲಿಲ್ಲ, ಪರೀಕ್ಷೆಗೆ ಬರುವುದು ಗ್ರೀಕೇ. ಆದರೂ ನನಗೆ ಈ ಮನುಷ್ಯ ಇಷ್ಟ. ಶ್ರೀವಿಜಯ ಈ ಸಾಹಸಕ್ಕೆ ಕೈ ಹಾಕಲಿಲ್ಲ. ಉಪಮೆ ರೂಪಕಗಳೆಲ್ಲ ಸಂಸ್ಕೃತದ ಹೆಸರಿನಲ್ಲೇ ಉಳಿದವು. ಹೆಸರಿನ ಮಟ್ಟಿಗೆ ಪುಟ್ಟನ್‌ಹ್ಯಾಮನೇ ಮೇಲು ಅಂತ ನನ್ನ ವೋಟು.

ಆದರೆ ಇಬ್ಬರಿಗೂ ಇನ್ನೊಂದು ಕಷ್ಟದ ಪ್ರಶ್ನೆ ಎದುರಾಯಿತು. ದೊಡ್ಡ ಭಾಷೆಯಿಂದ ಅಲಂಕಾರ ತಂದಾಯಿತು, ಸರಿ. ಅದನ್ನು ತೊಡಿಸುವುದು ಯಾವ ಊರಿನ ಇಂಗ್ಲಿಷಿಗೆ? ಯಾವ ಊರಿನ ಕನ್ನಡಕ್ಕೆ?

ಪುಟ್ಟನ್‌ಹ್ಯಾಮ್ ನೇರವಾಗಿ ಹೇಳಿಬಿಟ್ಟ: ಆಸ್ಥಾನದ ಮಾತು, ಲಂಡನ್ನಿನ ಮಾತು, ಲಂಡನ್ನಿನ ಸುತ್ತ 60 ಮೈಲಿಯ ಮಾತು, ಅಷ್ಟೇ. ಟ್ರೆಂಟ್ ನದಿಯ ಆಚೆಗಿನ ಉತ್ತರದವರ ಮಾತು ಬೇಡ, ದೂರದ ಪಶ್ಚಿಮದವರದ್ದೂ ಬೇಡ. ಇದರಲ್ಲಿ ಮಜಾ ಏನೆಂದರೆ, ಉತ್ತರದವರದ್ದೇ ಹೆಚ್ಚು ಶುದ್ಧವಾದ ಹಳೇ ಸ್ಯಾಕ್ಸನ್ ಇಂಗ್ಲಿಷ್ ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಆದರೂ ಬೇಡ! ಆಸ್ಥಾನದ ನಯ ಅದಕ್ಕಿಲ್ಲವಂತೆ.

ಕಲಬುರಗಿಯಿಂದ ಬೆಂಗಳೂರಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಜಲ್ದಿ ಬರ್ರಿ’, ‘ಖರೇ ಅದ’ ಅಂದ ಕೂಡಲೇ ‘ನಿಮ್ದು ಯಾವ ಕನ್ನಡ ಸಾರ್?’ ಅಂತ ಕೇಳಿಸಿಕೊಂಡವರೇ ನಾವೆಲ್ಲ.

ಮಳಖೇಡದ ಶ್ರೀವಿಜಯನೂ ನದಿಗಳನ್ನೇ ಹಿಡಿದ. ಕಾವೇರಿಯಿಂದ ಗೋದಾವರಿಯವರೆಗೆ ಇರುವುದು ಕನ್ನಡ ನಾಡು ಅಂದ. ಟ್ರೆಂಟ್ ಹೊರಗಿಡುವ ಗೆರೆ, ಇವು ಒಳಗೆ ಕರೆದುಕೊಳ್ಳುವ ಗೆರೆಗಳು. ಆ ನಾಡಿನ ಜನ ಓದದೆಯೂ ಕಾವ್ಯ ಕಟ್ಟಬಲ್ಲವರು ಅಂತ ಹೊಗಳಿದ. ಇದನ್ನು ನಾವು ಪ್ರತಿ ನವೆಂಬರಿನಲ್ಲಿ ಭಾಷಣಗಳಲ್ಲಿ ಕೇಳಿರುತ್ತೇವೆ. ಆದರೆ ಮುಂದಿನದನ್ನು ಯಾರೂ ನಿಂತು ನೋಡುವುದಿಲ್ಲ. ಕನ್ನಡದ ತಿರುಳು ಯಾವುದು ಅಂದರೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಿನದು ಅಂತಾನೆ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಕೊಪಣ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಮ್ಯಾಪು ತೆಗೆದು ನೋಡಿ. ಮಳಖೇಡದಿಂದ ಪಟ್ಟದಕಲ್ಲೇ 100 ಮೈಲಿಗೂ ದೂರ. ರಾಜಧಾನಿಯಲ್ಲಿ ಕೂತು, ಅರಸನ ಸಮ್ಮತಿಯ ಪುಸ್ತಕದಲ್ಲಿ, ತಿರುಳ್ಗನ್ನಡ ನಮ್ಮ ರಾಜಧಾನಿಯದಲ್ಲ ಅಂತ ಬರೆದುಬಿಟ್ಟಿದ್ದಾನೆ!

ಈ ಮಾತು ನಿಂತಿತು. ಸುಮಾರು ನೂರು ವರ್ಷದ ನಂತರ ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ರಾಜಧಾನಿ ಇಂದಿನ ತೆಲಂಗಾಣದ ವೇಮುಲವಾಡ. ಆದರೆ ಪಂಪ ತನ್ನ ಭಾರತಕ್ಕೆ ಬಳಸಿದ್ದು ಪುಲಿಗೆರೆಯ ತಿರುಳ್ಗನ್ನಡ ಅಂತ ತಾನೇ ಹೇಳಿಕೊಂಡಿದ್ದಾನೆ.

ಹಾಗಂತ ಶ್ರೀವಿಜಯ ಎಲ್ಲರ ಬೆನ್ನು ತಟ್ಟಿದ ಅಂತಲ್ಲ. ಅವನೂ ಗೆರೆ ಎಳೆದವನೇ. ಕನ್ನಡದ ದೇಸಿಗಳು ಬೇರೆ ಬೇರೆ ಇರುವುದರಿಂದ ಅವುಗಳ ದೋಷ ಎಣಿಸಹೋದರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರವಾದೀತು ಅಂತಾನೆ. ಪುಟ್ಟನ್‌ಹ್ಯಾಮ್ ಓದಿದ್ದರೆ ಇವನನ್ನೂ ಗಟ್ಟಿ ದನಿಯ ಸುಳ್ಳುಗಾರ ಅನ್ನುತ್ತಿದ್ದ! ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಹೊಂದದ ಹಾಗೆ ಸಮಾಸ ಮಾಡುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದ್ದಕ್ಕೆ ಹೋಲಿಸಿದ್ದಾನೆ. 1112ರಲ್ಲಿ ಮುಳುಗುಂದದ ನಯಸೇನ ಅದೇ ಜಗಳಕ್ಕೆ ತುಪ್ಪ ಮತ್ತು ಎಣ್ಣೆ ತಂದ. ಈ ಹಾಲು ಮಜ್ಜಿಗೆ, ಈ ತುಪ್ಪ ಎಣ್ಣೆ, ಎರಡೂ ಉಪಮೆಗಳೇ. ಭಾಷೆ ಹೇಗಿರಬೇಕು ಅನ್ನುವ ವಾದವನ್ನೆಲ್ಲ ಇವರು ಅಡುಗೆಮನೆಯಿಂದ ಉಪಮೆ ತಂದು ಗೆಲ್ಲಲು ನೋಡಿದ್ದಾರೆ. ಪರೀಕ್ಷೆಯಲ್ಲಿ ‘ಮುಖ ಚಂದ್ರನಂತೆ’ ಬರೆದು ಮಾರ್ಕು ತೆಗೆದುಕೊಂಡ ನಮಗೆ ಉಪಮೆಯಿಂದ ಇಂಥ ಕೆಲಸವೂ ಆಗುತ್ತದೆ ಅಂತ ಗೊತ್ತಾಗಲೇ ಇಲ್ಲ.

ಇನ್ನೊಂದು ಸಣ್ಣ ವಿಷಯ. ಇಂಗ್ಲಿಷಿನ ಅಲಿಟರೇಶನ್ ಪದದ ಮೊದಲ ದನಿಯಲ್ಲಿ, ರೈಮ್ ಸಾಲಿನ ಕೊನೆಯಲ್ಲಿ. ಹಳೆಗನ್ನಡದ ಪ್ರಾಸ ಪಾದದ ಎರಡನೇ ಅಕ್ಷರದಲ್ಲಿ. ಕವಿರಾಜಮಾರ್ಗ ಪ್ರಾಸಗಳ ಬಗೆಗಳನ್ನು ಬಹಳ ಮುತುವರ್ಜಿಯಿಂದ ವಿವರಿಸುತ್ತದೆ. ಆ ಕಟ್ಟು ಸಾವಿರ ವರ್ಷ ನಡೆಯಿತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಬಿಟ್ಟು ಬರೆದಾಗ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಬಂದವು, ಕನ್ನಡ ಕವಿತೆ ಬೇರೆ ದಾರಿ ಹಿಡಿಯಿತು. ಮಂಜೇಶ್ವರ ಈಗ ಕೇರಳದಲ್ಲಿದೆ, ಅದೂ ಯಾವ ರಾಜಧಾನಿಯೂ ಅಲ್ಲ.